ಪಿಲಾಟಿಸ್: ಮೈ ಬಗ್ಗಿಸುವ ಮುನ್ನ ಬಾಯಿ ಬಿಡಿ

ಬೇಲೂರಿನ ಚನ್ನಕೇಶವ ದೇವಾಲಯದ ಮದನಿಕೆಯರನ್ನು ನೋಡದವರು ನಮ್ಮ ಜಿಲ್ಲೆಯಲ್ಲಿ ವಿರಳ. ಕತ್ತು ಒಂದು ಕಡೆ, ಸೊಂಟ ಇನ್ನೊಂದು ಕಡೆ, ಮಂಡಿ ಮತ್ತೊಂದು ಕಡೆ ಬಾಗಿಸಿ ಕನ್ನಡಿ ಹಿಡಿದು ನಿಂತ ದರ್ಪಣ ಸುಂದರಿಗೆ ಒಂಬೈನೂರು ವರ್ಷವಾದರೂ ಸೊಂಟನೋವು ಬಂದಿಲ್ಲ. ಅವಳದು ಕಲ್ಲಿನ ಮೈ. ಕತ್ತೆತ್ತಿ ಅವಳನ್ನು ಹತ್ತು ನಿಮಿಷ ನೋಡಿದ ನಮಗೆ ಮಾತ್ರ ಕತ್ತು ಹಿಡಿದುಕೊಳ್ಳುತ್ತದೆ!

ಹೀಗೆ ಹಿಡಿದುಕೊಂಡ ಕತ್ತು, ಬೆನ್ನು, ಸೊಂಟಗಳಿಗೆಲ್ಲ ಮದ್ದು ಎಂದು ಈಗ ಪಿಲಾಟಿಸ್ ಎಂಬ ವ್ಯಾಯಾಮದ ಹೆಸರು ಕೇಳಿಬರುತ್ತಿದೆ. ಬೇಲೂರಿನಂಥ ಊರಿಗೆ ಅದು ಬರುವುದು ಹೆಚ್ಚಾಗಿ ಬೆಂಗಳೂರಿನಲ್ಲಿರುವ ಮಕ್ಕಳ ಮೂಲಕ, ಇಲ್ಲವೇ ಮೊಬೈಲ್ ವಿಡಿಯೊ ಮೂಲಕ. ‘ಸೇರಬಹುದೇ ಡಾಕ್ಟ್ರೇ?’ ಎಂದು ಕೇಳುವವರಿಗೆ ‘ಧಾರಾಳವಾಗಿ ಸೇರಿ’ ಎಂದೇ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಒಂದು ಪ್ರಸಂಗವನ್ನೂ ಹೇಳುತ್ತೇನೆ.

ಈ ಕಡೆಯ ಕಾಫಿ ತೋಟದ ಮನೆಯ ಗೃಹಿಣಿಯೊಬ್ಬರು, ವಯಸ್ಸು ಅರವತ್ತರ ಹತ್ತಿರ. ಮಗಳ ಮನೆಗೆ ಹೋದಾಗ ಅವಳ ಜೊತೆಯಲ್ಲೇ ತರಗತಿಗೆ ಸೇರಿದರು. ಮೂರನೆಯ ದಿನ, ಅಂಗಾತ ಮಲಗಿ ಬೆನ್ನನ್ನು ಸುರುಳಿಯಂತೆ ಮೇಲೆತ್ತಿ ಕಾಲ್ಬೆರಳು ಮುಟ್ಟುವ ವ್ಯಾಯಾಮ ಮಾಡುವಾಗ ಬೆನ್ನಿನಲ್ಲಿ ಚಳಕ್ ಎಂದಿತು. ಎಕ್ಸ್‌ರೇ ತೆಗೆಸಿದರೆ ಬೆನ್ನಿನ ಒಂದು ಮೂಳೆ ಕುಸಿದಿತ್ತು. ನಲವತ್ತನೆಯ ವಯಸ್ಸಿನಲ್ಲೇ ಅವರು ಗರ್ಭಕೋಶವನ್ನು ಅಂಡಾಶಯಗಳ ಸಮೇತ ತೆಗೆಸಿದ್ದರು. ಅಂಥವರಲ್ಲಿ ಮೂಳೆ ಬೇಗ ಟೊಳ್ಳಾಗುತ್ತದೆ. ತರಗತಿಯಲ್ಲಿ ಈ ವಿಷಯವನ್ನು ಯಾರೂ ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ. ‘ಅಷ್ಟು ಜನರ ಎದುರಿಗೆ ಅದನ್ನೆಲ್ಲ ಹೇಗೆ ಹೇಳೋದು ಡಾಕ್ಟ್ರೇ?’ ಎಂದರು.

ಇಡೀ ವಿಷಯದ ತಿರುಳು ಇದೇ. ಹೊಸಬರು ಯಾವ ಬಟ್ಟೆ ಹಾಕಬೇಕು, ಯಾವ ಚಾಪೆ ಕೊಳ್ಳಬೇಕು ಎಂದು ವಿಚಾರಿಸುತ್ತಾರೆ. ವಿಚಾರಿಸಬೇಕಾದದ್ದು, ‘ನನ್ನ ದೇಹದ ಚರಿತ್ರೆಯನ್ನು ಇಲ್ಲಿ ಯಾರಾದರೂ ಕೇಳುತ್ತಾರೆಯೇ?’ ಎಂಬುದನ್ನು.

ಈ ವಿದ್ಯೆ ಹುಟ್ಟಿದ್ದೇ ಒಂದು ದುರ್ಬಲ ದೇಹದಿಂದ. ಜರ್ಮನಿಯಲ್ಲಿ 1883ರಲ್ಲಿ ಹುಟ್ಟಿದ ಜೋಸೆಫ್ ಪಿಲಾಟಿಸ್ ಬಾಲ್ಯದಲ್ಲಿ ಅಸ್ತಮಾ, ರಿಕೆಟ್ಸ್‌ನಿಂದ ನರಳಿದವರು. ತಮ್ಮ ಮೈಯನ್ನೇ ಪ್ರಯೋಗಶಾಲೆ ಮಾಡಿಕೊಂಡು ಈ ಪದ್ಧತಿ ರೂಪಿಸಿ, ಮುಂದೆ ನ್ಯೂಯಾರ್ಕಿನಲ್ಲಿ ಕಲಿಸಿದರು. ಅವರು ಇಟ್ಟ ಹೆಸರು ‘ಕಂಟ್ರಾಲಜಿ’, ಅಂದರೆ ಹಿಡಿತದ ವಿದ್ಯೆ. ಹೊಟ್ಟೆ, ಸೊಂಟ, ಬೆನ್ನಿನ ಒಳಸ್ನಾಯುಗಳನ್ನು ಉಸಿರಿನ ಲಯದೊಂದಿಗೆ ನಿಧಾನವಾಗಿ ಬಲಪಡಿಸುವುದು ಇದರ ಸಾರ.

ಯೋಗದಲ್ಲೂ ಇಂಥದೇ ಉದಾಹರಣೆಯಿದೆ. ಬಿ.ಕೆ.ಎಸ್. ಅಯ್ಯಂಗಾರ್ 1918ರಲ್ಲಿ ಹುಟ್ಟಿದ್ದು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ (ನಮ್ಮ ಬೇಲೂರಲ್ಲ, ಹಲವರು ಹಾಗೆ ತಪ್ಪು ತಿಳಿಯುತ್ತಾರೆ). ಮಲೇರಿಯ, ಕ್ಷಯಗಳಿಂದ ಬಳಲಿದ ಹುಡುಗ ಅವರು. ಬಾಗಲಾರದವರಿಗೆ ಇಟ್ಟಿಗೆ, ಪಟ್ಟಿ, ಕುರ್ಚಿ, ಹಗ್ಗಗಳ ಆಸರೆ ಕೊಟ್ಟು ಆಸನ ಕಲಿಸಿದ್ದು ಅವರ ಹೆಗ್ಗಳಿಕೆ. ಅಂದರೆ ವಿದ್ಯೆಯನ್ನು ದೇಹಕ್ಕೆ ಹೊಂದಿಸಿದರು. ಇಂದಿನ ಎಷ್ಟೋ ತರಗತಿಗಳಲ್ಲಿ ದೇಹವನ್ನೇ ವಿದ್ಯೆಗೆ ಹೊಂದಿಸಲು ಹೊರಟಿದ್ದೇವೆ. ಇಪ್ಪತ್ತೈದರ ಮಗಳಿಗೂ ಅರವತ್ತರ ತಾಯಿಗೂ ಒಂದೇ ಪಾಠ!

ಹೇಳಬೇಕಾದ್ದೇನು?

ಮೂಳೆ ಸವೆತ ಅಥವಾ ಹಿಂದೆ ಮೂಳೆ ಮುರಿದದ್ದು, ಡಿಸ್ಕ್ ಜಾರಿದ್ದು, ಮುಟ್ಟು ಬೇಗ ನಿಂತದ್ದು, ಹೃದ್ರೋಗ, ರಕ್ತದೊತ್ತಡ, ಹರ್ನಿಯಾ, ಕಣ್ಣಿನ ಗ್ಲಾಕೋಮಾ, ಇತ್ತೀಚಿನ ಶಸ್ತ್ರಚಿಕಿತ್ಸೆ, ಬಸಿರು, ಬಾಣಂತನ ಇವುಗಳಲ್ಲಿ ಯಾವುದಿದ್ದರೂ ಮೊದಲು ನಿಮ್ಮ ವೈದ್ಯರಿಗೆ, ಆಮೇಲೆ ಶಿಕ್ಷಕರಿಗೆ ತಿಳಿಸಿ. ಜನರ ಎದುರಿಗೆ ಸಂಕೋಚವಾದರೆ ಹತ್ತು ನಿಮಿಷ ಮೊದಲೇ ಹೋಗಿ ಏಕಾಂತದಲ್ಲಿ ಹೇಳಿ, ಇಲ್ಲವೇ ಚೀಟಿಯಲ್ಲಿ ಬರೆದು ಕೊಡಿ.

ಕಾರಣವಿಲ್ಲದೆ ಈ ಪಟ್ಟಿ ಕೊಟ್ಟಿಲ್ಲ. ಮೂಳೆ ಟೊಳ್ಳಾದವರು ಬೆನ್ನನ್ನು ಮುಂದಕ್ಕೆ ಸುರುಳಿ ಮಾಡಿದರೆ ಬೆನ್ನುಮೂಳೆ ಕುಸಿಯುವ ಭಯವಿದೆ. ಗ್ಲಾಕೋಮಾ ಇರುವವರು ತಲೆ ಕೆಳಗೆ ಮಾಡಿದರೆ ಕಣ್ಣಿನ ಒತ್ತಡ ಏರುತ್ತದೆ. ರಕ್ತದೊತ್ತಡ ಇರುವವರು ಉಸಿರು ಬಿಗಿಹಿಡಿದು ಬಲ ಹಾಕಬಾರದು. ಬಸುರಿಯರು ಮೂರು ತಿಂಗಳು ಕಳೆದ ಮೇಲೆ ಹೆಚ್ಚು ಹೊತ್ತು ಅಂಗಾತ ಮಲಗಬಾರದು. ಇವರಾರೂ ವ್ಯಾಯಾಮ ಬಿಡಬೇಕಾಗಿಲ್ಲ, ಬದಲಿಸಿಕೊಂಡರೆ ಸಾಕು.

ಶಿಕ್ಷಕರನ್ನು ಅಳೆಯುವುದು ಹೇಗೆ?

ಗೋಡೆಯ ಮೇಲಿನ ಸರ್ಟಿಫಿಕೇಟುಗಳಿಗಿಂತ ಅವರು ಕೇಳುವ ಪ್ರಶ್ನೆಗಳಿಂದ ಅಳೆಯಿರಿ. ಎಲ್ಲಿ, ಎಷ್ಟು ಕಾಲ ಕಲಿತರೆಂದು ನೀವೂ ಸಂಕೋಚವಿಲ್ಲದೆ ಕೇಳಿ. ತರಗತಿಯಲ್ಲಿ ಅವರು ಎಲ್ಲರನ್ನೂ ನೋಡುತ್ತಾರೆಯೇ, ತಾವೇ ಕನ್ನಡಿ ಮುಂದೆ ವ್ಯಾಯಾಮ ಮಾಡುತ್ತಾರೆಯೇ ಎಂಬುದನ್ನು ಗಮನಿಸಿ. ‘ನೋವಾದರೆ ತಡೆದುಕೊಳ್ಳಿ’ ಎನ್ನುವವರಿಂದ ದೂರವಿರಿ. ಮೊದಲು ಚಾಪೆಯ ಮೇಲಿನ ವ್ಯಾಯಾಮ ಕಲಿಯಿರಿ. ಸ್ಪ್ರಿಂಗು, ಜಾರುಹಲಗೆಗಳಿರುವ ‘ರಿಫಾರ್ಮರ್’ ಯಂತ್ರವನ್ನು ಶಿಕ್ಷಕರ ಕಣ್ಣೆದುರಿಗೇ ಬಳಸಿ. ಒಂದೆರಡು ತರಗತಿ ನೋಡದೆ ವರ್ಷದ ಶುಲ್ಕ ಕಟ್ಟಬೇಡಿ. ವಿಡಿಯೊ ನೋಡಿ ಕಲಿಯುವವರು ಒಂದು ಮಾತು ನೆನಪಿಡಲಿ: ನೀವು ವಿಡಿಯೊ ನೋಡುತ್ತೀರಿ, ಅದು ನಿಮ್ಮನ್ನು ನೋಡುವುದಿಲ್ಲ.

ಊಟವಾಗಿ ಎರಡು ಗಂಟೆಯಾದರೂ ಕಳೆದಿರಲಿ. ಸೀರೆ ಬೇಡ, ಮೈಗೆ ತೊಡಕಾಗದ ಚೂಡಿದಾರ್ ಅಥವಾ ಪ್ಯಾಂಟು ಸಾಕು. ಮಾರನೆಯ ದಿನ ಮೈಕೈ ನೋವು ಸಹಜ, ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಚುಚ್ಚುವ ನೋವು, ಕಾಲಿಗೆ ಇಳಿಯುವ ನೋವು, ಜೋಮು, ಎದೆ ಬಿಗಿತ, ತಲೆಸುತ್ತು ಕಂಡರೆ ಅಲ್ಲೇ ನಿಲ್ಲಿಸಿ. ಎದೆ ಬಿಗಿತ ಕಡಿಮೆಯಾಗದಿದ್ದರೆ, ಬೆನ್ನುನೋವಿನ ಜೊತೆ ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಇಷ್ಟೆಲ್ಲ ಮಾಡಿ ಸಿಗುವುದೇನು? ಬಹುಕಾಲದ ಸೊಂಟನೋವಿನ ಬಗ್ಗೆ 10 ಅಧ್ಯಯನಗಳನ್ನು, ಒಟ್ಟು 510 ರೋಗಿಗಳ ಅನುಭವವನ್ನು ಕಾಕ್ರೇನ್ ಸಂಸ್ಥೆ 2015ರಲ್ಲಿ ಪರಿಶೀಲಿಸಿತು. ಹೆಚ್ಚಿನ ಚಿಕಿತ್ಸೆಯಿಲ್ಲದೆ ಸುಮ್ಮನಿರುವುದಕ್ಕಿಂತ ಪಿಲಾಟಿಸ್ ಮೇಲು, ಆದರೆ ಇತರ ವ್ಯಾಯಾಮಗಳಿಗಿಂತ ಅದು ಮೇಲು ಎನ್ನಲು ಖಚಿತ ಆಧಾರವಿಲ್ಲ ಎಂಬುದು ಅದರ ತೀರ್ಮಾನ. ಹಾಗಾಗಿ ಬೆಂಗಳೂರಿನ ತರಗತಿ ಸಿಗಲಿಲ್ಲವೆಂದು ಬೇಲೂರಿನವರು ಕೊರಗಬೇಕಿಲ್ಲ. 1927ರಲ್ಲಿ ಹಾಸನದಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗ ಪ್ರದರ್ಶನ ಕಂಡು ಮಾರುಹೋದ ಕೌಶಿಕ ಗ್ರಾಮದ ಹುಡುಗನೇ ಮುಂದೆ ಮೈಸೂರಿನ ಯೋಗಗುರು ಪಟ್ಟಾಭಿ ಜೋಯಿಸ್ ಆದದ್ದು. ಒಳ್ಳೆಯ ಗುರುವೊಬ್ಬ ಸಿಕ್ಕರೆ ಯೋಗವೂ ಆದೀತು, ಪಿಲಾಟಿಸ್ ಕೂಡ ಆದೀತು. ಅದರ ಜೊತೆಗೆ ಬಿರುಸಿನ ನಡಿಗೆ ಇರಲೇಬೇಕು. ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಪ್ರಮಾಣದ ಚಟುವಟಿಕೆ, ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನಮ್ಮ ಆ ಗೃಹಿಣಿ ಈಗ ಚೇತರಿಸಿಕೊಂಡಿದ್ದಾರೆ. ಮೂಳೆಗೆ ಔಷಧಿ ನಡೆದಿದೆ. ಬೆನ್ನು ನೆಟ್ಟಗಿಟ್ಟುಕೊಂಡು ಮಾಡುವ ವ್ಯಾಯಾಮವನ್ನು ಬೇರೊಬ್ಬ ಶಿಕ್ಷಕಿಯಿಂದ ಕಲಿಯುತ್ತಿದ್ದಾರೆ. ಮೊದಲ ದಿನ ಏನು ಮಾಡಿದಿರಿ ಎಂದು ಕೇಳಿದೆ. ‘ವ್ಯಾಯಾಮ ಮಾಡಲಿಲ್ಲ ಡಾಕ್ಟ್ರೇ, ಅರ್ಧ ಗಂಟೆ ಬರೀ ಮಾತಾಡಿದೆವು’ ಎಂದರು.

ಒಳ್ಳೆಯ ಶಿಲ್ಪಿ ಕೂಡ ಕಲ್ಲನ್ನು ತಟ್ಟಿ ನೋಡಿಯೇ ಉಳಿ ಇಡುತ್ತಾನೆ. ನಮ್ಮ ಮೈಗೆ ಅಷ್ಟಾದರೂ ಮರ್ಯಾದೆ ಬೇಡವೇ?