ಅದು ಫೋಕಸ್ ಮ್ಯೂಸಿಕ್ ಅಲ್ಲ ಸ್ವಾಮಿ

ಹೆನ್ರಿಕ್ ಗುರೆಟ್ಸ್ಕಿಯ ಮೂರನೇ ಸಿಂಫನಿ ಕೋಡಿಂಗ್‌ಗೆ ಒಳ್ಳೇದಂತೆ. ತಲೆ ಶಾಂತವಾಗಿರುತ್ತಂತೆ, ಗಮನ ಕದಲಲ್ಲವಂತೆ. ನಮ್ಮ ಐಟಿ ಜನ ಇದನ್ನ ಮಳೆ ಸದ್ದಿನ ಜೊತೆ ಒಂದೇ ಪ್ಲೇಲಿಸ್ಟಿಗೆ ತುರುಕಿ, ಹೆಡ್‌ಫೋನ್ ಏರಿಸಿ, ಟಿಕೆಟ್ ಕ್ಲೋಸ್ ಮಾಡ್ತಾ ಕೂರೋದು ನೋಡಿದ್ರೆ ನನಗೆ ಮೈ ಉರಿಯುತ್ತೆ.

ಆ ಸಿಂಫನಿಯ ಹೆಸರೇ 'ಶೋಕಗೀತೆಗಳ ಸಿಂಫನಿ'. ಪೋಲೆಂಡಿನ ಈ ಮನುಷ್ಯ ಅದನ್ನ ಬರೆದದ್ದು 1976ರಲ್ಲಿ. ಮೂರು ಭಾಗ, ಮೂರೂ ನಿಧಾನ, ಒಬ್ಬಳೇ ಗಾಯಕಿ. ಎರಡನೇ ಭಾಗದಲ್ಲಿ ಅವಳು ಹಾಡೋ ಮಾತುಗಳು 1944ರಲ್ಲಿ 18 ವರ್ಷದ ಹುಡುಗಿಯೊಬ್ಬಳು ಝಾಕೊಪಾನೆ ಊರಿನ ಗೆಸ್ಟಾಪೊ ಸೆರೆಮನೆಯ ಗೋಡೆ ಮೇಲೆ ಗೀಚಿದ್ದು. ಅದರಲ್ಲಿ ಸೇಡಿಲ್ಲ, ಶಾಪವಿಲ್ಲ. ಅಮ್ಮನಿಗೆ ಅಳಬೇಡ ಅಂತ ಹೇಳಿ ಮೇರಿಮಾತೆಗೆ ಕೈಮುಗೀತಾಳೆ, ಅಷ್ಟೇ. ಮೂರನೆಯದು ಜನಪದ ಹಾಡು: ಕಾದಾಟಕ್ಕೆ ಹೋಗಿ ಸತ್ತ ಮಗನ ಹೆಣ ಎಲ್ಲಿದೆಯೋ ಅಂತ ತಾಯಿಯೊಬ್ಬಳು ಹಲುಬುತ್ತಾಳೆ. ಇದನ್ನ ಹಾಕ್ಕೊಂಡು ಸ್ಪ್ರಿಂಟ್ ಪ್ಲಾನಿಂಗ್ ಮಾಡ್ತೀರಾ?

ನಮ್ಮೂರ ಕಡೆ ಸಾವಿನ ಮನೇಲಿ ಹೆಂಗಸರು ಹಾಡಿಕೊಂಡು ಅಳ್ತಾರೆ. ಅದರಲ್ಲೂ ರಾಗ ಇರುತ್ತೆ. ಹಾಗಂತ ಯಾರೂ ಅದನ್ನ ಕೇಳಿಸಿಕೊಂಡು ಹಾಯಾಗಿ ರೊಟ್ಟಿ ತಟ್ಟಲ್ಲ.

ಪಂಡಿತರದ್ದು ಇನ್ನೊಂದು ವರಸೆ. ಗುರೆಟ್ಸ್ಕಿ ಅದಕ್ಕೂ ಮೊದಲು ಕಿವಿಗೆ ಬಡಿಯುವಂಥ ಒರಟು ಸಂಗೀತ ಬರೆದು ಹೆಸರು ಮಾಡಿದವನು. ಅವನು ಇಂಪಿನ ಕಡೆ ತಿರುಗಿದ್ದು ಅವರಿಗೆ ಹಿಡಿಸಲಿಲ್ಲ. 1977ರಲ್ಲಿ ಫ್ರಾನ್ಸಿನಲ್ಲಿ ಮೊದಲ ಪ್ರದರ್ಶನ ಆದಾಗ ವಿಮರ್ಶಕರು ಮೂಗು ಮುರಿದರು. 1992ರಲ್ಲಿ ನಾನ್‌ಸಚ್ ಕಂಪನಿಯ ರೆಕಾರ್ಡಿಂಗ್ ಬಂತು. ಡಾನ್ ಅಪ್‌ಶಾ ಕಂಠ, ಲಂಡನ್ ಸಿನ್ಫೊನಿಯೆಟ್ಟಾ, ಡೇವಿಡ್ ಝಿನ್‌ಮನ್ ನಿರ್ದೇಶನ. 10 ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಯಿತು, ಬ್ರಿಟನ್ನಿನ ಪಾಪ್ ಆಲ್ಬಮ್‌ಗಳ ನಡುವೆಯೇ 6ನೇ ಸ್ಥಾನಕ್ಕೆ ಏರಿತು. ಜನ ಕೊಂಡದ್ದೇ ಮತ್ತೊಂದು ಅಪರಾಧ! ನನಗೆ ಪಂಡಿತರೂ ಪ್ಲೇಲಿಸ್ಟಿನವರೂ ಒಂದೇ. ರಾಗ ಇಂಪಾಗಿದೆ, ಹಾಗಾಗಿ ಒಳಗೆ ಏನೂ ಇಲ್ಲ ಅನ್ನೋದೇ ಇಬ್ಬರ ಲೆಕ್ಕ.

ಏನೂ ಇಲ್ವಾ? ಆ ರೆಕಾರ್ಡಿಂಗಿನ ಮೊದಲ ಭಾಗವನ್ನೇ ತಗೊಳ್ಳಿ, ಸುಮಾರು 26 ನಿಮಿಷ. ಡಬಲ್ ಬಾಸ್‌ಗಳು ಕೇಳಿಸ್ತೋ ಇಲ್ವೋ ಅನ್ನೋ ಹಾಗೆ ಶುರು ಮಾಡ್ತವೆ. ಅದೇ ರಾಗವನ್ನ ಇನ್ನೊಂದು ಗುಂಪು ತಡವಾಗಿ, 'ಸ'ದಿಂದ 'ಪ'ಕ್ಕೆ ಏರಿದಷ್ಟು ಮೇಲೆ ಎತ್ತಿಕೊಳ್ಳುತ್ತೆ. ಅದರ ಮೇಲೆ ಮತ್ತೊಂದು. ಹೀಗೆ ಎಂಟು ಎಳೆ ಆಗೋವರೆಗೂ. ಅಷ್ಟೂ ಎಳೆ ಒಂದೇ ಸ್ವರಕ್ಕೆ ಬಂದು ಸೇರಿದಾಗ ಹೆಣ್ಣುದನಿ ಏಳುತ್ತೆ, ಮೇರಿ ಸಾಯ್ತಿರೋ ಮಗನ ಹತ್ತಿರ ಮಾತಾಡ್ತಾಳೆ. ಆಮೇಲೆ ಎಳೆಗಳು ಒಂದೊಂದಾಗಿ ಕಳಚಿ ಮತ್ತೆ ಬಾಸ್ ಮಾತ್ರ ಉಳಿಯುತ್ತೆ. ಆಫೀಸಿನ ಎಸಿ ಸದ್ದಿನಲ್ಲಿ ಆ ಬಾಸ್ ಕೇಳಿಸೋದೇ ಇಲ್ಲ. ಅರ್ಧದಲ್ಲಿ ಸ್ಟ್ಯಾಂಡಪ್‌ಗೆ ಎದ್ದು ಹೋದ್ರಂತೂ ಮುಗೀತು, ನೀವು ಕೇಳಿದ್ದು ಬರೀ ಮೆಟ್ಟಿಲು.

ಕೆಲಸಕ್ಕೆ ಏನಾದ್ರೂ ಬೇಕೇ ಬೇಕು ಅಂದ್ರೆ ಮಳೆ ಸದ್ದು ಇದೆಯಲ್ಲ, ಹಾಕ್ಕೊಳ್ಳಿ. ಇದಕ್ಕೆ ಒಂದು ಭಾನುವಾರ, ಲ್ಯಾಪ್‌ಟಾಪ್ ಮುಚ್ಚಿ, ಒಂದು ಗಂಟೆ ಕೊಡಿ.