ಒರೆಸದ ಕರಿಹಲಗೆ

ಗಂಟೆ ಹೊಡೆದ ಮೇಲೆ ತರಗತಿಗೆ ಬಂದ ಹುಡುಗಿಯನ್ನು ನಾವು ಏನು ಮಾಡುತ್ತೇವೆ? ಎರಡು ಮಾತು ಗದರಿಸಿ ಒಳಗೆ ಕರೆದುಕೊಳ್ಳುತ್ತೇವೆ. ಅವಳು ಕರಿಹಲಗೆ ನೋಡಿ, ಪಕ್ಕದವಳ ನೋಟುಬುಕ್ಕು ನೋಡಿ, ತಪ್ಪಿದ್ದನ್ನು ಬರೆದುಕೊಳ್ಳುತ್ತಾಳೆ. 'ಪಾಠ ಮುಗಿಯಿತು, ಮನೆಗೆ ಹೋಗು' ಎಂದು ಬಾಗಿಲು ಹಾಕಿಕೊಳ್ಳುವ ಶಿಕ್ಷಕಿಯನ್ನು ನನ್ನ ಇಷ್ಟು ವರ್ಷಗಳ ನೌಕರಿಯಲ್ಲಿ ನಾನು ಕಂಡಿಲ್ಲ. ಆದರೆ ಕೊರೋನಾ ಕಾಲದಲ್ಲಿ ನಮ್ಮಲ್ಲಿ ಅನೇಕರು ಅದನ್ನೇ ಮಾಡಿದೆವು. ನಾನೂ ಮಾಡಿದೆ. ಅದನ್ನು ಒಪ್ಪಿಕೊಂಡೇ ಮುಂದಿನ ಮಾತು ಹೇಳುತ್ತೇನೆ.

ನಮ್ಮ ಊರಿನವರಿಗೆ ಆ ದಿನಗಳು ಮರೆಯುವಂಥವಲ್ಲ. ಈ ದೇಶದಲ್ಲಿ ಕೊರೋನಾದಿಂದ ಆದ ಮೊದಲ ಸಾವು ದಾಖಲಾದದ್ದು 2020ರ ಮಾರ್ಚ್‌ನಲ್ಲಿ, ನಮ್ಮ ಕಲಬುರಗಿಯವರದು. ಶಾಲೆಗಳು ಮುಚ್ಚಿದವು. ಕಲಬುರಗಿಯಲ್ಲಿ ಮನೆ, ಹುಮನಾಬಾದ್ ರಸ್ತೆಯ ಕಮಲಾಪುರದಲ್ಲಿ ನೌಕರಿ ಎಂದು ದಿನಾ ಬಸ್ಸು ಹತ್ತುತ್ತಿದ್ದ ನಾನು ಮನೆಯಲ್ಲಿ ಕುಳಿತೆ. ಜೂನ್‌ನಲ್ಲಿ ಸರ್ಕಾರ ಚಿಕ್ಕ ತರಗತಿಗಳಿಗೆ ಆನ್‌ಲೈನ್ ಪಾಠ ಬೇಡವೆಂದಿತು. ಜುಲೈಯಲ್ಲಿ ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಅದೇ ಜುಲೈಯಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠ ಶುರುವಾಯಿತು. ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು. ಗುಡಿಯ ಕಟ್ಟೆ, ಮರದ ನೆರಳು ತರಗತಿಗಳಾದವು. ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಈ ಎಲ್ಲ ಗದ್ದಲದಲ್ಲಿ ವಾದ ನಡೆದದ್ದು ಆನ್‌ಲೈನ್ ಪಾಠ ಬೇಕೋ ಬೇಡವೋ ಎಂದು. ಎಂಥ ಆನ್‌ಲೈನ್ ಪಾಠ ಎಂದು ಕೇಳಿದವರು ಕಡಿಮೆ.

ನಾನೂ ಕೇಳಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಫೋನಿನ ಮುಂದೆ ಕುಳಿತು ವಿಡಿಯೋ ಪಾಠ ಮಾಡಿದೆ. ಮೂರು ಡಜನ್ ಮಕ್ಕಳಲ್ಲಿ ಹತ್ತು ಹನ್ನೆರಡು ಮುಖ ಕಾಣುತ್ತಿದ್ದವು. ಉಳಿದವರಿಗೆಂದು ನೋಟ್ಸನ್ನು ವಾಟ್ಸಾಪ್ ಗುಂಪಿಗೆ ಹಾಕಿ, ಕರ್ತವ್ಯ ಮುಗಿಯಿತೆಂದು ಅಡಿಗೆಮನೆಗೆ ಹೋಗುತ್ತಿದ್ದೆ.

ಕಮಲಾಪುರದ ಹತ್ತಿರದ ಒಂದು ತಾಂಡಾದ ಹುಡುಗಿ, ಒಂಬತ್ತನೇ ತರಗತಿ. ಅಕ್ಷರ ಮುತ್ತಿನಂಥವು. ಒಂದು ರಾತ್ರಿ ಫೋನು ಮಾಡಿದಳು. "ಅಕ್ಕೋರ್ರೀ, ಫೋನು ಅಣ್ಣನ ಕೈಯಾಗ ಇರ್ತದ್ರೀ. ಅಂವ ಟಂಟಂ ಹೊಡದು ರಾತ್ರಿ ಮನಿಗಿ ಬಂದ ಮ್ಯಾಲ ಕೊಡ್ತಾನ್ರೀ. ಅಷ್ಟರಾಗ ಹುಡುಗುರು ನೂರು ಮೆಸೇಜ್ ಹಾಕಿರ್ತಾರ್ರೀ. ನಿಮ್ಮ ಪಾಠ ಎಲ್ಲದ ಅಂತ ಹುಡುಕೂದ್ರಾಗ ನಿದ್ದಿ ಬರ್ತದ್ರೀ."

"ಮತ್ತೊಮ್ಮೆ ಕಳಸ್ತೀನವ್ವಾ" ಎಂದೆ. ಕೆಲವು ಸಲ ಕಳಿಸಿದೆ, ಕೆಲವು ಸಲ ಮರೆತೆ. ಆಮೇಲೆ ಫೋನಿನಲ್ಲಿ ಜಾಗ ಸಾಲದೆಂದು ಅವಳ ಅಣ್ಣ ಇದ್ದದ್ದನ್ನೆಲ್ಲ ಅಳಿಸಿದ. ಶಾಲೆ ಮತ್ತೆ ತೆರೆದಾಗ ಅವಳು ಬರಲಿಲ್ಲ. "ಭಾಳ ಹಿಂದ ಬಿದ್ದಾಳ್ರೀ, ಎಲ್ಲಾರ ಮುಂದ ನಾಚಿಕಿ ಅಂತಾಳ್ರೀ" ಎಂದರು ಅವಳ ತಾಯಿ. ಮರುವರ್ಷ ಮದುವೆಯಾಯಿತೆಂದು ಕೇಳಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಕೈ ಹದಿನಾಲ್ಕು ವರ್ಷದವರೆಗೆ ಮಾತ್ರ ಚಾಚುತ್ತದೆ. ಅವಳು ಹದಿನೈದು ದಾಟಿದ್ದಳು.

ಬಡತನವೂ ಕಾರಣ, ಕಾಲವೂ ಕಾರಣ, ಒಪ್ಪುತ್ತೇನೆ. ಆದರೆ ಅವಳು 'ಪಾಠ ಎಲ್ಲಿದೆ' ಎಂದು ಕೇಳಿದ್ದಳು. 'ಇಲ್ಲಿದೆ' ಎಂದು ತೋರಿಸಲು ನನ್ನ ಬಳಿ ಒಂದು ಜಾಗವಿರಲಿಲ್ಲ. ಆ ತಪ್ಪು ವಾಟ್ಸಾಪಿನದಲ್ಲ, ಅಣ್ಣನದಲ್ಲ, ನನ್ನದು.

2021ರಲ್ಲಿ ಎರಡನೆಯ ಅಲೆ ಬಂದಾಗ ನನ್ನ ತಂಗಿಯ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ತರಗತಿಗೆ ಒಂದು ವೆಬ್‌ಸೈಟು ಮಾಡಿದೆ. ಹೆಸರು ದೊಡ್ಡದು, ಕೆಲಸ ಚಿಕ್ಕದು. ಗೂಗಲ್ ಸೈಟ್ಸ್ ಎಂಬುದರಲ್ಲಿ ದುಡ್ಡು ಕೊಡದೆ ಮಾಡಬಹುದು. ನಮಗೆ ಅರ್ಧ ದಿನ ಹಿಡಿಯಿತು. ಒಂದೇ ಪುಟ, ಒಂದೇ ವಿಳಾಸ. ಮೇಲೆ ಇಂದಿನ ತಾರೀಖು, ಪಠ್ಯಪುಸ್ತಕದ ಪುಟಸಂಖ್ಯೆ, ನನ್ನ ಹತ್ತು ಸಾಲಿನ ವಿವರಣೆ, ಮೂರು ಪ್ರಶ್ನೆ. ಕೆಳಗೆ ನಿನ್ನೆಯ ಪ್ರಶ್ನೆಗಳ ಉತ್ತರ. ಅದರ ಕೆಳಗೆ ಮೊನ್ನೆಯದು, ಆಚೆ ಮೊನ್ನೆಯದು. ಯಾವುದನ್ನೂ ಅಳಿಸುವುದಿಲ್ಲ. ಪಾಸ್‌ವರ್ಡ್ ಇಲ್ಲ. ಮಕ್ಕಳ ಹೆಸರು, ಫೋಟೋ, ಅಂಕ ಯಾವುದನ್ನೂ ಹಾಕುವುದಿಲ್ಲ. ಊರೆಲ್ಲ ನೋಡುವ ಜಾಗದಲ್ಲಿ ಹೆಣ್ಣುಮಕ್ಕಳ ಚಿತ್ರ ಏಕೆ? ವಿಳಾಸವನ್ನು ಪ್ರತಿಯೊಬ್ಬರ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆಸಿದೆ. ಫೋನು ಬೆಳಿಗ್ಗೆ ಸಿಗಲಿ, ರಾತ್ರಿ ಸಿಗಲಿ, ತಿಂಗಳ ಮೇಲೆ ಸಿಗಲಿ, ಪಾಠ ಅಲ್ಲೇ ಕಾಯುತ್ತಿರುತ್ತದೆ. ಒರೆಸದ ಕರಿಹಲಗೆ ಅದು.

ಇದನ್ನು ಕಂಡು ಕೆಲವರು ನಕ್ಕರು. "ಬರೀ ಅಕ್ಷರ, ವಿಡಿಯೋ ಎಲ್ಲಿ?" ಎಂದರು. ಒಂದು ಗಂಟೆಯ ವಿಡಿಯೋ ಪಾಠಕ್ಕೆ ನೂರಾರು ಎಂಬಿ ಡೇಟಾ ಬೇಕು. ಬರವಣಿಗೆಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಸಾಮಾನ್ಯವಾಗಿ 3 ಬೈಟ್ ಸಾಕು. ಎರಡು ಸಾವಿರ ಚಿಹ್ನೆಗಳ ಪಾಠವೆಂದರೆ ಸುಮಾರು 6 ಕೆಬಿ. ಪುಟದ ಅಲಂಕಾರದ ಭಾರ ಸೇರಿಸಿದರೂ ವಿಡಿಯೋದ ಮುಂದೆ ಅದು ಏನೂ ಅಲ್ಲ. ದಿನಗೂಲಿಯವನ ರೀಚಾರ್ಜಿನಲ್ಲಿ ಪಾಠ ಮಾಡುವ ನಮಗೆ ಈ ಲೆಕ್ಕ ಗೊತ್ತಿರಬೇಡವೇ?

ಇನ್ನು ಕೆಲವರು, "ಇಲಾಖೆಯ ಪೋರ್ಟಲ್ ಇದೆಯಲ್ಲ" ಎನ್ನುತ್ತಾರೆ. ಇದೆ. 2017ರಿಂದ ದೀಕ್ಷಾ ಇದೆ, ಪಠ್ಯಪುಸ್ತಕಗಳ ಪಿಡಿಎಫ್ ಇದೆ. ಅವು ಒಳ್ಳೆಯ ಗ್ರಂಥಾಲಯಗಳು. ಆದರೆ ಗ್ರಂಥಾಲಯವಿದೆಯೆಂದು ಯಾರೂ ತರಗತಿಯ ಕರಿಹಲಗೆಯನ್ನು ಕಿತ್ತು ಹಾಕುವುದಿಲ್ಲ. ಇವತ್ತು ನಮ್ಮ ತರಗತಿ ಯಾವ ಪುಟದಲ್ಲಿ ನಿಂತಿತು, ಯಾವ ಪ್ರಶ್ನೆಗೆ ಎಲ್ಲರೂ ಎಡವಿದರು ಎಂಬುದು ಬೆಂಗಳೂರಿಗೂ ದೆಹಲಿಗೂ ತಿಳಿಯುವುದಿಲ್ಲ. ಅದು ಪಾಠ ಮಾಡಿದವಳಿಗೇ ಗೊತ್ತು.

"ಕೊರೋನಾ ಹೋಯಿತು, ಇನ್ನೇಕೆ?" ಎನ್ನುವವರಿಗೆ ನಾನು ತಾಂಡಾಗಳ ಕಡೆ ಕೈ ತೋರಿಸುತ್ತೇನೆ. ನಮ್ಮ ಕಡೆ ತೊಗರಿ ರಾಶಿಯ ಹೊತ್ತಿಗೆ ಮಕ್ಕಳು ಹೊಲದಲ್ಲಿರುತ್ತಾರೆ. ಕೆಲಸ ಮುಗಿದೊಡನೆ ಎಷ್ಟೋ ಕುಟುಂಬಗಳು ಪುಣೆ, ಮುಂಬಯಿ, ಹೈದರಾಬಾದಿಗೆ ದುಡಿಯಲು ಹೋಗುತ್ತವೆ. ತಮ್ಮನಿಗೆ ಜ್ವರ ಬಂದರೆ ಮನೆಯಲ್ಲಿ ಉಳಿಯುವವಳು ಅಕ್ಕ. ತಾಯಿ ಹೆತ್ತರೆ ಉಳಿಯುವವಳು ಮಗಳು. ಇವರಿಗೆ ಪ್ರತಿ ವರ್ಷವೂ ಲಾಕ್‌ಡೌನೇ. ಕಮಲಾಪುರದ ಕೆಂಪು ಬಾಳೆ ಉಳಿದ ಬಾಳೆಗಿಂತ ತಡವಾಗಿ ಗೊನೆ ಕೊಡುತ್ತದೆ. ತಡವಾಯಿತೆಂದು ಯಾವ ರೈತನೂ ಗಿಡ ಕಡಿದು ಹಾಕುವುದಿಲ್ಲ. ಹುಡುಗಿ ತಡವಾಗಿ ಬಂದರೆ ಮಾತ್ರ ನಮಗೆ ತಾಳ್ಮೆ ಇಲ್ಲ!

ಒಂದು ಸಂಗತಿ ಹೇಳುತ್ತೇನೆ. ತಂದೆತಾಯಿಯ ಜೊತೆ ಪುಣೆಯ ಕಟ್ಟಡದ ಕೆಲಸದ ಜಾಗಕ್ಕೆ ಹೋಗಿದ್ದ ಹುಡುಗಿಯೊಬ್ಬಳು ಎರಡು ತಿಂಗಳ ಮೇಲೆ ಫೋನು ಮಾಡಿದಳು. "ಅಕ್ಕೋರ್ರೀ, ನೀವು ಬರದದ್ದು ತಪ್ಪದ್ರೀ." ನೋಡಿದರೆ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ದಿನವನ್ನು 1947ರ ಸೆಪ್ಟೆಂಬರ್ 17 ಎಂದು ಬರೆದಿದ್ದೆ, ಆಗಬೇಕಾದದ್ದು 1948. ನಮ್ಮ ಭಾಗದ ವಿಮೋಚನೆಯ ದಿನವನ್ನೇ ತಪ್ಪು ಬರೆದೆನೆಂದು ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ಇಟ್ಟಿಗೆ ಸಿಮೆಂಟಿನ ನಡುವೆ ಕುಳಿತು ಅವಳು ಹಳೆಯ ಪಾಠವನ್ನು ಪುಸ್ತಕಕ್ಕೆ ತಾಳೆ ಹಾಕಿದ್ದಳು. ಆ ವರ್ಷ ಅವಳು ತಿರುಗಿ ಬಂದು ಪರೀಕ್ಷೆಗೆ ಕುಳಿತಳು.

ಇದು ಎಲ್ಲಕ್ಕೂ ಮದ್ದು ಎಂದು ನಾನು ಹೇಳುವುದಿಲ್ಲ. ಕೀಪ್ಯಾಡ್ ಫೋನಿನ ಮನೆಗೆ ಪುಟ ಮುಟ್ಟುವುದಿಲ್ಲ. ಅವರಿಗೆ ಝೆರಾಕ್ಸ್ ಅಂಗಡಿಯಲ್ಲಿ ವಾರದ ಪಾಠ ಪ್ರಿಂಟ್ ತೆಗೆಸಿ ಕಳಿಸುತ್ತೇನೆ. ಹಳ್ಳಿಯ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಕಂಪ್ಯೂಟರ್ ಇರುವ ಕಡೆ ಮಕ್ಕಳು ಅಲ್ಲಿಯೂ ನೋಡಬಹುದು. ಮತ್ತೊಂದು ಮಾತನ್ನು ಒತ್ತಿ ಹೇಳುತ್ತೇನೆ: ಪುಟವಿದೆಯೆಂದು ಶಿಕ್ಷಕಿಯ ಹುದ್ದೆ ಖಾಲಿ ಬಿಡುವ ಜಾಣತನ ಬೇಡ. 371(ಜೆ) ಬಂದ ಮೇಲೂ ನಮ್ಮ ಭಾಗದ ಶಾಲೆಗಳಲ್ಲಿ ಖಾಲಿ ಹುದ್ದೆಗಳ ಮಾತು ನಿಂತಿಲ್ಲ. ಕರಿಹಲಗೆ ತಾನೇ ಬರೆದುಕೊಳ್ಳುವುದಿಲ್ಲ; ಬರೆಯುವ ಕೈ ಬೇಕು.

ಪೇಟೆಯ ಸೋದರಿಯರೇ, ನಿಮ್ಮಲ್ಲೂ ನನ್ನದೊಂದು ಜಗಳವಿದೆ. ನಿಮ್ಮ ಮಕ್ಕಳ ಕಲಿಕೆಯ ಆ್ಯಪಿಗೆ ಸಾವಿರಗಟ್ಟಲೆ ಕಟ್ಟುತ್ತೀರಿ. ಅವರ ಶಾಲೆಯಲ್ಲಿ ಇಂಥ ಒಂದು ಪುಟ ಇದೆಯೇ ಎಂದು ಕೇಳಿದ್ದೀರಾ? ಪೋಷಕರ ಸಭೆಯಲ್ಲಿ ಕೇಳಿ. ನಿಮ್ಮ ಮನೆಗೆ ಪಾತ್ರೆ ತೊಳೆಯಲು ಬರುವವಳ ಮಗಳು ಯಾವ ತರಗತಿ ಎಂದು ಕೇಳಿ. ಕಪಾಟಿನಲ್ಲಿ ಬಿದ್ದಿರುವ ಹಳೆಯ ಫೋನು ಅವಳಿಗೆ ಕೊಡಿ; ಅಣ್ಣನ ಕೈಗಲ್ಲ, ಅವಳ ಕೈಗೆ. ನಿಮ್ಮ ಮನೆಯಲ್ಲೇ ಒಂದು ಫೋನು ಇಬ್ಬರಿಗಿದ್ದರೆ, ಹಗಲು ಹೊತ್ತಿನಲ್ಲಿ ಅರ್ಧ ಗಂಟೆ ಮಗಳಿಗೆ ಮೊದಲು ಕೊಡಿ.

ಆ ತಾಂಡಾದ ಹುಡುಗಿ ಈಗ ಎಲ್ಲಿದ್ದಾಳೋ ತಿಳಿಯದು. 2021ರ ಮೊದಲ ದಿನದಿಂದ ನಾನು ಬರೆದ ಪಾಠಗಳೆಲ್ಲ ಆ ವಿಳಾಸದಲ್ಲಿ ಇನ್ನೂ ಇವೆ. ಯಾವತ್ತು ಬಂದರೂ ಓದಲಿ.