ಸೂಜಿಯ ಮರುದಿನದ ಜ್ವರ

ನಂದಿಗುಡಿಯ ಸುತ್ತಲಿನ ಹಳ್ಳಿಗಳಲ್ಲಿ ಹಸುಗೂಸಿಗೆ ಲಸಿಕೆ ಹಾಕಿಸಿದ ರಾತ್ರಿ ಅನೇಕ ಮನೆಗಳಲ್ಲಿ ಯಾರಿಗೂ ನಿದ್ರೆಯಿರುವುದಿಲ್ಲ. ಕೂಸಿನ ತೊಡೆ ಬಾತಿರುತ್ತದೆ, ಮೈ ಸುಡುತ್ತಿರುತ್ತದೆ. “ಚೆನ್ನಾಗಿದ್ದ ಕೂಸಿಗೆ ಜ್ವರ ಬರಿಸ್ಕೊಂಡು ಬಂದ್ಯಲ್ಲವ್ವ, ಇನ್ನೊಂದ್ಸಲ ಸೂಜಿ ಬ್ಯಾಡ” ಎಂದು ಅಜ್ಜಿ ನುಡಿದರೆ ಸೊಸೆ ಮರುಮಾತಾಡುವುದಿಲ್ಲ. ತಾಯಿ ಕಾರ್ಡಿನಲ್ಲಿ ಬರೆದ ಮುಂದಿನ ದಿನಾಂಕ ಹಾಗೆಯೇ ಕಳೆದುಹೋಗುತ್ತದೆ. ಅಜ್ಜಿಯ ಅಂತಃಕರಣವನ್ನು ನಾವು ಗೌರವಿಸುತ್ತೇವೆ. ಆದರೆ ಆ ಜ್ವರವೇಕೆ ಬರುತ್ತದೆಂಬುದನ್ನು ಆಕೆಗೆ ಯಾರೂ ಬಿಡಿಸಿ ಹೇಳಿಲ್ಲವೆಂಬುದು ನಮ್ಮ ಕೊರಗು.

ದೇಹದ ರಕ್ಷಣೆಯಲ್ಲಿ ಎರಡು ಬಗೆಯ ಬಿಳಿ ರಕ್ತಕಣಗಳು ದುಡಿಯುತ್ತವೆ. ಮೊದಲ ಬಗೆಯವು ಹುಟ್ಟಿನಿಂದಲೇ ಸನ್ನದ್ಧವಾಗಿರುವ ಕಣಗಳು. ರೋಗಾಣುವನ್ನು ನುಂಗುವ ಮ್ಯಾಕ್ರೋಫೇಜ್, ಗಾಯದೆಡೆಗೆ ಬೇಗನೆ ಧಾವಿಸುವ ನ್ಯೂಟ್ರೋಫಿಲ್, ಕವಲುಗಳನ್ನು ಚಾಚಿಕೊಂಡಿರುವ ಡೆಂಡ್ರಿಟಿಕ್ ಕಣ ಈ ಬಗೆಯವು. ಎರಡನೆಯ ಬಗೆಯಲ್ಲಿ ಬಿ ಕಣಗಳಿವೆ. ಆಯಾ ರೋಗಾಣುವಿಗೆ ತಕ್ಕ ಪ್ರತಿಕಾಯಗಳನ್ನು ಸಿದ್ಧಪಡಿಸುವುದು, ಆ ವೈರಿಯನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುವುದು ಇವುಗಳ ಕಾಯಕ.

ಮೊದಲ ಬಗೆಯ ಕಣಗಳು ಕೇವಲ ಕಾವಲುಗಾರರೆಂದು ಬಹುಕಾಲ ಭಾವಿಸಲಾಗಿತ್ತು. ವಾಸ್ತವದಲ್ಲಿ ಅವುಗಳ ನೆರವಿಲ್ಲದೆ ಬಿ ಕಣಗಳ ಕೆಲಸ ಸೊರಗುತ್ತದೆ. ಬ್ಯಾಕ್ಟೀರಿಯಾ ಒಳಹೊಕ್ಕೊಡನೆ ಡೆಂಡ್ರಿಟಿಕ್ ಕಣವು ಅದರ ತುಣುಕನ್ನು ಹೊತ್ತು ಸಮೀಪದ ದುಗ್ಧಗ್ರಂಥಿಗೆ ಸಾಗಿ ಟಿ ಕಣಗಳಿಗೆ ತೋರಿಸುತ್ತದೆ. ಹೀಗೆ ಎಚ್ಚೆತ್ತ ಟಿ ಕಣಗಳು ಬಿ ಕಣಗಳನ್ನು ಪ್ರಚೋದಿಸುತ್ತವೆ. ಬಿ ಕಣಗಳು ಬದುಕುಳಿಯಲು ಬೇಕಾದ ಬಾಫ್ ಎಂಬ ಪ್ರೋಟೀನನ್ನು ಒದಗಿಸುವವುಗಳಲ್ಲಿ ಮ್ಯಾಕ್ರೋಫೇಜ್ ಮತ್ತು ನ್ಯೂಟ್ರೋಫಿಲ್‌ಗಳೂ ಸೇರಿವೆ. ಡೆಂಡ್ರಿಟಿಕ್ ಕಣವನ್ನು 1973ರಲ್ಲಿ ಗುರುತಿಸಿದ ರಾಲ್ಫ್ ಸ್ಟೈನ್‌ಮನ್ ಅವರಿಗೆ 2011ರಲ್ಲಿ ನೊಬೆಲ್ ಗೌರವ ಸಂದಿತು.

ಲಸಿಕೆಯೂ ಇದೇ ದಾರಿಯನ್ನು ಬಳಸುತ್ತದೆ. 1926ರಲ್ಲಿ ಇಂಗ್ಲೆಂಡಿನ ಅಲೆಕ್ಸಾಂಡರ್ ಗ್ಲೆನ್ನಿ ಅವರು ಗಂಟಲಮಾರಿಯ ನಿರ್ವಿಷಗೊಳಿಸಿದ ವಿಷಾಂಶಕ್ಕೆ, ನಾವು ಕದಡಿದ ನೀರನ್ನು ತಿಳಿಯಾಗಿಸಲು ಬಳಸುವ ಪಟಿಕವನ್ನು ಬೆರೆಸಿದಾಗ ಪ್ರತಿಕಾಯಗಳು ಹೆಚ್ಚಾದುದನ್ನು ಕಂಡರು. ಇಂದಿಗೂ ಅನೇಕ ಲಸಿಕೆಗಳಲ್ಲಿ ಅಲ್ಯೂಮಿನಿಯಂ ಲವಣವಿರುತ್ತದೆ. ಅದು ಮೊದಲ ಬಗೆಯ ಕಣಗಳನ್ನು ಎಚ್ಚರಿಸುತ್ತದೆ. ಕರ್ನಾಟಕದಲ್ಲಿ 2013ರಿಂದ ನೀಡುತ್ತಿರುವ ಪೆಂಟಾವೇಲೆಂಟ್ ಲಸಿಕೆಯಲ್ಲಿ ನಾಯಿಕೆಮ್ಮಿನ ಸತ್ತ ರೋಗಾಣುವೂ ಇಡಿಯಾಗಿ ಇರುವುದರಿಂದ ಈ ಎಚ್ಚರಿಕೆ ತುಸು ಜೋರಾಗಿಯೇ ಇರುತ್ತದೆ. ಎಚ್ಚೆತ್ತ ಕಣಗಳು ಸ್ರವಿಸುವ ಇಂಟರ್‌ಲ್ಯೂಕಿನ್ 6ರಂತಹ ರಾಸಾಯನಿಕಗಳು ಒಂದೆಡೆ ಮೈಯ ಕಾವನ್ನು ಏರಿಸುತ್ತವೆ, ಇನ್ನೊಂದೆಡೆ ಬಿ ಕಣಗಳಿಗೆ ಆಸರೆಯಾಗುತ್ತವೆ. ಅಜ್ಜಿ ಅಂಜಿದ ಜ್ವರ ಬಹುಮಟ್ಟಿಗೆ ಇದೇ. ಹಾಗೆಂದು ಜ್ವರ ಬಾರದ ಮಗುವಿಗೆ ಲಸಿಕೆ ವ್ಯರ್ಥವಾಯಿತೆಂದೂ ಅಲ್ಲ.

ಒಂದೇ ಸೂಜಿ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಮೊದಲ ಸಲ ಹುಟ್ಟುವ ಪ್ರತಿಕಾಯಗಳು ಕಡಿಮೆ, ಬಹುಕಾಲ ಬಾಳುವುದೂ ಇಲ್ಲ. ಮುಂದಿನ ಸೂಜಿಗಳು ನೆನಪಿನ ಬಿ ಕಣಗಳನ್ನು ಮತ್ತೆ ಕರೆದು ಬಲಪಡಿಸುತ್ತವೆ. ಆದ್ದರಿಂದಲೇ 6, 10 ಮತ್ತು 14ನೆಯ ವಾರದ ಸೂಜಿಗಳು, 16ರಿಂದ 24 ತಿಂಗಳೊಳಗೆ ಹಾಗೂ 5 ವರ್ಷ ತುಂಬಿದ ಮೇಲೆ ಬೂಸ್ಟರ್, 10 ಮತ್ತು 16ನೆಯ ವಯಸ್ಸಿನಲ್ಲಿ ಟಿಡಿ ಲಸಿಕೆ. ಇವು ತಪ್ಪಿದಲ್ಲಿ ಗಂಟಲಮಾರಿ ಮರಳುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳು ಈ ಶತಮಾನದಲ್ಲಿಯೂ ಅದನ್ನು ಕಂಡಿವೆ. ಧನುರ್ವಾಯುವಿನದು ಇನ್ನೂ ಕಠಿಣ ಮಾತು. ಅದರ ವಿಷ ಎಷ್ಟು ಉಗ್ರವೆಂದರೆ, ಪ್ರಾಣ ತೆಗೆಯುವ ಪ್ರಮಾಣವು ಬಿ ಕಣಗಳನ್ನು ಎಬ್ಬಿಸಲು ಸಾಲದಷ್ಟು ಅಲ್ಪ. ಆ ರೋಗದಿಂದ ಗುಣಹೊಂದಿದವರೂ ಲಸಿಕೆ ಪಡೆಯಲೇಬೇಕು. ಗದ್ದೆಯಲ್ಲಿ ಕುಡುಗೋಲು ಹಿಡಿದು, ಕೊಟ್ಟಿಗೆಯಲ್ಲಿ ಬರಿಗಾಲಲ್ಲಿ ದುಡಿಯುವ ನಮ್ಮ ಭಾಗದ ರೈತಾಪಿ ಜನರು ಇದನ್ನು ಮರೆಯಬಾರದು.

ಕಷ್ಟವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ರಾತ್ರಿಯಿಡೀ ಅಳುವ ಕೂಸನ್ನು ಎತ್ತಿಕೊಂಡು ಕೂರುವುದು ತಾಯಿಗೆ ಸುಲಭವಲ್ಲ, ಮರುದಿನದ ಕೂಲಿಯೂ ತಪ್ಪುತ್ತದೆ. ಸಾಮಾನ್ಯವಾಗಿ ಜ್ವರವು ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಎದೆಹಾಲು ನಿಲ್ಲಿಸಬಾರದು. ಜ್ವರದ ಔಷಧಿಯನ್ನು ಆರೋಗ್ಯ ಸಹಾಯಕಿ ಹೇಳಿದ ಪ್ರಮಾಣದಲ್ಲಿ ಮಾತ್ರ ಕೊಡಬೇಕು. ಫಿಟ್ಸ್ ಬಂದರೆ, ಮೂರು ಗಂಟೆ ಮೀರಿ ಅಳು ನಿಲ್ಲದಿದ್ದರೆ, ಉಸಿರಾಟಕ್ಕೆ ತೊಂದರೆಯಾದರೆ, ಮಗು ಮಂಕಾಗಿ ಹಾಲು ಬಿಟ್ಟರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮುಂದಿನ ಸೂಜಿಯ ವಿಚಾರವನ್ನು ಆಗ ವೈದ್ಯರೇ ನಿರ್ಧರಿಸಲಿ.

ಸದ್ಭಕ್ತರಲ್ಲಿ, ಅದರಲ್ಲಿಯೂ ಮನೆಯ ಹಿರಿಯರಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಮಾತಿಗೆ ಮನೆಯಲ್ಲಿ ಬೆಲೆಯಿದೆ. ಸೂಜಿ ಬೇಡವೆಂದು ನೀವಾಡಿದ ಮಾತು ನಡೆಯುವಂತೆಯೇ, ಹಾಕಿಸಿಕೊಂಡು ಬಾ ಎಂದರೂ ನಡೆಯುತ್ತದೆ. ಇಂದೇ ತಾಯಿ ಕಾರ್ಡನ್ನು ತೆಗೆಸಿ ನೋಡಿರಿ. ದಿನಾಂಕ ಮೀರಿದ್ದರೂ ಆಶಾ ಕಾರ್ಯಕರ್ತೆಯನ್ನು ಕೇಳಿರಿ. ತಪ್ಪಿದ ಸೂಜಿಗಳಲ್ಲಿ ಹೆಚ್ಚಿನವನ್ನು ಮುಂದುವರಿಸಲು ಅವಕಾಶವಿದೆ.